ಬಯಕೆಯ ಟರ್ಕಿ ಕೋಳಿ

ನನ್ನ ಸೋದರಮಾವನಿಗೆ ಹೆದರಿಕೆ ಅನ್ನುವುದು ಹೊತ್ತು ಹೊತ್ತಿನ ಊಟವಿದ್ದ ಹಾಗೆ. ಒಂದು ಹೊತ್ತು ತಪ್ಪಿದರೂ ಮನುಷ್ಯ ಬಾಡಿಹೋಗುತ್ತಾನೆ. ಬಸ್ಸು ಹತ್ತಿದರೆ ಡ್ರೈವರ್ ಎಲ್ಲಿ ತೂಕಡಿಸುತ್ತಾನೋ ಎಂದು ಅವನ ಹಿಂದೆಯೇ ಕೂತು ಊರು ಬರುವ ತನಕ ಕೆಮ್ಮುತ್ತಿರುತ್ತಾನೆ. ಎಡಗಿವಿಯಲ್ಲಿ ಸದಾ ಹತ್ತಿ. ಎಳವೆಯಿಂದಲೂ ಸೋರುವ ಕಿವಿ ಅದು. ಆ ಕಡೆ ನಿಂತು ಏನು ಕೂಗಿದರೂ ಕೇಳಿಸದು. ಒಳ್ಳೆಯ ಸುದ್ದಿಯೆಲ್ಲ ಆ ಕಡೆಯಿಂದಲೇ ಬರುತ್ತದೆಯೋ ಏನೋ, ಅವನಿಗೆ ಕೇಳಿಸುವುದು ಬರೀ ಚಿಂತೆಯ ಮಾತು.

ಇಂಥವನ ಮನೆಗೆ, ಶ್ರೀರಾಂಪುರಕ್ಕೆ, ನಾನು ಏಳು ತಿಂಗಳ ಬಸುರಿ ಹೋಗಿದ್ದೆ. ಬಾಯಿ ಮುಚ್ಚಿಕೊಂಡು ಇರಬೇಕಿತ್ತು ತಾನೇ? ಮೊಬೈಲಿನಲ್ಲಿ ಯಾವುದೋ ದೇಶದವರು ಇಡೀ ಟರ್ಕಿ ಕೋಳಿಯನ್ನು ಕೆಂಪಗೆ ಬೇಯಿಸಿ, ಮೇಲೆ ಗ್ರೇವಿ ಸುರಿಯುತ್ತಿದ್ದರು. "ಒಂದ್ಸಲ ಇಂಥದ್ದು ತಿನ್ಬೇಕು ನೋಡು ಮಾವ" ಅಂದೆ. ಮಾವನ ಟೀ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಬಯಕೆ ಇದು" ಅಂದ. "ತೀರಿಸ್ದಿದ್ರೆ ಮಗೀಗೆ ಕಿವಿ ಸೋರ್ತೈತೆ."

"ಬಯಕೆ ಅಲ್ಲ ಮಾವ, ಸುಮ್ನೆ ಅಂದೆ."

"ಬಾಯಾಗೆ ಬಂದ್ಮ್ಯಾಲೆ ಮುಗೀತವ್ವ."

ಮರುದಿನ ಮಾವ ನಾಪತ್ತೆ. ಹಿರಿಯೂರಿನ ಹತ್ತಿರ ಬಬ್ಬೂರಿನಲ್ಲಿ ಯಾರೋ ತೋಟದಲ್ಲಿ ಟರ್ಕಿ ಕೋಳಿ ಸಾಕಿದ್ದಾರೆಂದು ಕೇಳಿಕೊಂಡು ಹೋದವನು ಸಂಜೆಗೆ ಗೋಣಿಚೀಲ ತಬ್ಬಿಕೊಂಡು ಬಂದ. ಬಸ್ಸಿನಲ್ಲಿ ಕಂಡಕ್ಟರ್ "ನವಿಲೇನ್ರಿ ಯಜಮಾನ್ರೆ?" ಎಂದು ತಮಾಷೆಗೆ ಕೇಳಿದ್ದೇ ತಡ, ನವಿಲು ಹಿಡಿದ ಕೇಸು ತನ್ನ ಮೇಲೆ ಬಿತ್ತೆಂದೇ ಮಾವ ತಿಳಿದನಂತೆ. ಹೊಸದುರ್ಗದ ತನಕ ಹತ್ತಿದವರಿಗೆ, ಇಳಿದವರಿಗೆ ಚೀಲ ಬಿಚ್ಚಿ, "ನೋಡ್ರಿ, ಕೋಳಿ ಇದು. ನೀವೇ ಸಾಕ್ಷಿ" ಎಂದು ತೋರಿಸಿಕೊಂಡು ಬಂದಿದ್ದ. ಆ ಗಡಿಬಿಡಿಯಲ್ಲಿ ಡ್ರೈವರ್ ತೂಕಡಿಸದ ಹಾಗೆ ಕೆಮ್ಮುವುದೇ ಮರೆತುಹೋಗಿ, ಅದೊಂದು ಬೇರೆ ಚಿಂತೆ.

ಕೋಳಿಯೇನೋ ಬಂತು, ಓವನ್ ಎಲ್ಲಿಂದ ತರುವುದು? ಮಾಂಸ ಎಂದ ಕೂಡಲೇ ಬೇಕರಿಯವನು "ನಮ್ದು ಬ್ರೆಡ್ ಸುಡೋ ಒಲೆ ಕಣ್ರಿ" ಎಂದು ಕೈಮುಗಿದ. ಕೊನೆಗೆ ಮಾರನೆಯ ಬೆಳಿಗ್ಗೆ ಮಾವ ಹಬ್ಬದ ಕೊಪ್ಪರಿಗೆಗೆ ಮರಳು ತುಂಬಿ, ಅದರೊಳಗೆ ಕೋಳಿಯ ಪಾತ್ರೆ ಇಳಿಸಿ, ಮುಚ್ಚಳದ ಮೇಲೆ ಕೆಂಡ ಹರವಿದ. ಹರವಿ ಸುಮ್ಮನೆ ಕೂತನೇ? ಬೆಂದಿಲ್ಲವೇನೋ, ಸೀದಿತೇನೋ ಎಂದು ಮುಚ್ಚಳ ತೆಗೆಯುವುದು, ಬೆಣ್ಣೆ ಸವರುವುದು, ನನ್ನ ಮೊಬೈಲನ್ನು ಕೋಳಿಯ ಪಕ್ಕ ಹಿಡಿದು ಬಣ್ಣ ತಾಳೆ ನೋಡುವುದು. "ಅವ್ರದ್ದು ಹೊಳೀತೈತೆ, ನಮ್ದು ಹೊಳೀವಲ್ದು." ತೆಗೆದಾಗಲೆಲ್ಲ ಕಾವು ಇಳಿದು, ಮಧ್ಯಾಹ್ನದ ಊಟ ಸಂಜೆಗೆ ಹೋಯಿತು.

ಗ್ರೇವಿಯದು ಇನ್ನೊಂದು ರಾಮಾಯಣ. ಪಾತ್ರೆಯ ತಳಕ್ಕೆ ಇಳಿದಿದ್ದ ಕೊಬ್ಬಿನಲ್ಲಿ ಮೈದಾ ಹುರಿದು, ಕೋಳಿಯ ಕತ್ತು ಬೇಯಿಸಿದ ನೀರು ಹೊಯ್ದು, ಎಲ್ಲಿ ಗಂಟಾಗುತ್ತದೋ ಎಂದು ತಿರುವಿದ್ದೇ ತಿರುವಿದ್ದು. ಮಾವನ ಹೆಂಡತಿ, ನಮ್ಮತ್ತೆ, ಬಂದು ಇಣುಕಿದಳು.

"ಇದೇನ್ರಿ, ಗ್ವಾಡಿಗೆ ಪೋಸ್ಟರ್ ಅಂಟ್ಸಾಕಾ? ಸರೀರಿ, ಒಂದೀಟು ಖಾರ, ಕೊಬ್ರಿ ಹಾಕ್ತೀನಿ."

"ಮುಟ್ಬ್ಯಾಡ. ಖಾರ ಹಾಕಿದ್ರೆ ಅದು ಬ್ಯಾರೆ ಬಯಕೆ ಆಗ್ತೈತೆ. ಇವ್ಳು ಕೇಳಿದ್ದು ತೀರಲ್ಲ."

ಅತ್ತೆ ಹಣೆ ಚಚ್ಚಿಕೊಂಡು ತನ್ನ ಪಾಡಿಗೆ ಸಾರಿಗಿಟ್ಟಳು.

ಅಂತೂ ತಟ್ಟೆ ನನ್ನ ಮುಂದೆ ಬಂತು. ಬೆಣ್ಣೆ, ಕೊಬ್ಬು, ಹೊಗೆಯ ವಾಸನೆ ಒಟ್ಟಿಗೆ ಮೂಗಿಗೆ ಬಡಿದು ಹೊಟ್ಟೆ ತೊಳಸತೊಡಗಿತು. ಈಗ ಹೆದರುವ ಸರದಿ ನನ್ನದು. ಒಳಗೆ ಹೋದ ತುತ್ತು ಹೊರಗೆ ಬಂದರೆ ಈ ಮನುಷ್ಯನ ಗತಿ ಏನು? ಮಾವ ಸೌಟು ಹಿಡಿದು ಎದುರಿಗೇ ಕುಕ್ಕರಗಾಲಿನಲ್ಲಿ ಕೂತಿದ್ದ. ಹೊತ್ತು ತಳ್ಳಲು ಕೇಳಿದೆ:

"ಬಯಕೆಗೂ ಕಿವಿ ಸೋರೋದಕ್ಕೂ ಸಂಬಂಧವೇ ಇಲ್ಲ ಅಂತಾರೆ ಡಾಕ್ಟ್ರು. ನೀನ್ಯಾಕೆ ಮಾವ ಇಷ್ಟು ಒದ್ದಾಡ್ತೀಯ?"

"ಇಲ್ದೇನೂ ಇರ್ಬೋದು ಬಿಡವ್ವ" ಅಂದ. ದನಿ ಇಳಿದಿತ್ತು. "ನಾನು ಹೊಟ್ಟೆಯಾಗಿದ್ದಾಗ ನಮ್ಮವ್ವ ಕುರಿ ಹಿಂದೆ ಹೋಗ್ತಿದ್ಲು. ದಾರ್ಯಾಗೆ ಒಂದು ಹೋಟ್ಲಾಗೆ ಮೆಣಸಿನಕಾಯಿ ಕರಿಯೋ ವಾಸ್ನೆ ಬಂತಂತೆ. ಗಂಡುಸ್ರು ಮುಂದಿದ್ರು, ಕೇಳಾಕೆ ನಾಚ್ಕಂಡು ಸುಮ್ಕಾದ್ಲು. ಆಮ್ಯಾಲೆ ನನ್ ಕಿವಿ ಒರೆಸುವಾಗೆಲ್ಲ ಅಳೋಳು. ಬಾಯಿಬಿಟ್ಟು ಕೇಳಿದ್ರಾಗ್ತಿತ್ತು, ನನ್ನಿಂದ್ಲೇ ಹಿಂಗಾತು ಅಂತ. ಸಾಯೋ ಗಂಟ ಅತ್ಲು. ಡಾಕ್ಟ್ರು ಹೇಳಿದ್ದನ್ನ ಅವ್ವಂಗೆ ಹೇಳೋರು ಯಾರಿದ್ರು? ನನ್ ಕಿವಿ ಹೋದ್ರೆ ಹೋತು. ನಾಳೆ ಮಗೀಗೆ ಏನಾರ ಆಗಿ, ನೀನು ಹಂಗೆ ಅಳಬಾರ್ದು ಅಂತ."

ಬಾಯಿ ತೆರೆದು ಅಜ್ಜಿ ಕೇಳದೆ ಹೋದದ್ದು ಒಂದು ಮೆಣಸಿನಕಾಯಿ. ಬಾಯಿ ಜಾರಿ ನಾನು ಕೇಳಿದ್ದು ಟರ್ಕಿ ಕೋಳಿ. ತುಂಡನ್ನು ಗ್ರೇವಿಯಲ್ಲಿ ಅದ್ದಿ ಬಾಯಿಗಿಟ್ಟೆ. ಕೋಳಿ ಒಣಗಿ ನಾರಾಗಿತ್ತು. ಗ್ರೇವಿ ಮಾತ್ರ ಬಿಸಿಬಿಸಿಯಾಗಿ, ಹದವಾದ ಉಪ್ಪಿನಲ್ಲಿ ಚೆನ್ನಾಗಿತ್ತು. ಮಾವ ನನ್ನ ಗಂಟಲನ್ನೇ ನೋಡುತ್ತಿದ್ದ, ನುಂಗುತ್ತಾಳೋ ಇಲ್ಲವೋ ಎಂದು. ನುಂಗಿದೆ. ಹೊಟ್ಟೆ ತಡೆದುಕೊಂಡಿತು.

ಆಮೇಲೆ ಅವನ ಎಡಕ್ಕೆ ಸರಿದು, ಹತ್ತಿ ಇಟ್ಟ ಕಿವಿಯ ಹತ್ತಿರ ಬಾಯಿಟ್ಟು ಮೆಲ್ಲಗೆ ಅಂದೆ: "ಇನ್ನೊಂದು ಸೌಟು ಹಾಕು ಮಾವ."

ಅವನು ಆಗಲೇ ಸೌಟು ಅದ್ದಿದ್ದ.