ಟೌನ್ ಹಾಲ್ ಇರುವ ಊರು

ಟೌನ್ ಹಾಲಿನ ರಿಸೆಪ್ಷನ್ನಿನಲ್ಲಿ ಕೂತವರಿಗೆ ನಗುವಿಗೆ ಬರವಿಲ್ಲ. ನಗಬಾರದ ಹೊತ್ತಿನಲ್ಲೇ ಅದು ಬರುತ್ತದೆ ಎನ್ನುವುದೊಂದೇ ತೊಂದರೆ.

ನಾನು ಆ ಕೆಲಸಕ್ಕೆ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಲಂಡನ್ನಿನ ಅಂಚಿನ ಫೆಲ್ಥಮ್‌ನ ನಮ್ಮ ಮನೆಯಿಂದ ಎರಡು ಬಸ್ಸಿನ ದೂರದ ಊರು. ಒಂದು ಮುಖ್ಯ ಬೀದಿ, ಶನಿವಾರದ ಸಂತೆ, ಲೈಬ್ರರಿ, ಬೇಸಿಗೆಯಲ್ಲಿ ಬ್ಯಾಂಡಿನವರು ಬಾರಿಸುವ ಪಾರ್ಕು, ಇವೆಲ್ಲಕ್ಕೂ ಯಜಮಾನನಂತೆ ಗಡಿಯಾರ ಹೊತ್ತು ನಿಂತ ಟೌನ್ ಹಾಲು. ಭೂಪಟದಲ್ಲಿ ಅದೂ ಲಂಡನ್ನೇ. ಊರಿನವರು ಮಾತ್ರ ರೈಲು ಹತ್ತುವಾಗ 'ಲಂಡನ್ನಿಗೆ ಹೋಗಿ ಬರ್ತೀವಿ' ಅನ್ನುತ್ತಿದ್ದರು.

ಪಕ್ಕದಲ್ಲೇ ಒಂದು ದೊಡ್ಡ ಊರಿತ್ತು. ಶಾಪಿಂಗ್ ಸೆಂಟರು, ಸಿನಿಮಾ ಎಲ್ಲ ಅಲ್ಲಿ. ಕೌನ್ಸಿಲ್ ಕಚೇರಿಗಳನ್ನೂ ಅಲ್ಲಿಗೇ ಒಯ್ದು ನಮ್ಮ ಟೌನ್ ಹಾಲಿಗೆ ಬೀಗ ಹಾಕುತ್ತಾರೆ ಎಂಬ ಸುದ್ದಿ ವರ್ಷಕ್ಕೊಮ್ಮೆ ಹುಟ್ಟುತ್ತಿತ್ತು. ನಾನು ಧಾರವಾಡದವಳು, ಹುಬ್ಬಳ್ಳಿಯನ್ನು ಪಕ್ಕದಲ್ಲಿಟ್ಟುಕೊಂಡೇ ಬೆಳೆದವಳು. ಆ ಊರಿನವರ ಸಂಕಟವನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೀಗ ಬಿದ್ದರೆ ನನ್ನ ಕೆಲಸವೂ ಹೋಗುತ್ತಿತ್ತು ಎನ್ನುವುದು ಬೇರೆ ಮಾತು.

ಧಾರವಾಡ ಎಲ್ಲಿದೆ?

ಸೇರಿದ ವಾರವೇ ಒಬ್ಬ ಮುದುಕ ಬಂದ. ಹುಟ್ಟಿದ್ದು, ಬೆಳೆದದ್ದು, ಮುದಿಯಾದದ್ದು ಎಲ್ಲ ಅದೇ ಊರಿನಲ್ಲಂತೆ. ಕಸದ ಡಬ್ಬಿಯ ದೂರು ಬರೆಸಿಯಾದ ಮೇಲೆ ನನ್ನ ಊರು ಯಾವುದೆಂದು ವಿಚಾರಿಸಿದ. ಧಾರವಾಡ ಎಂದೆ. ಸ್ವಲ್ಪ ಯೋಚಿಸಿ, ಅದು ಪಕ್ಕದ ದೊಡ್ಡ ಊರಿಗಿಂತ ಈಚೆಯೋ ಆಚೆಯೋ ಎಂದು ಕೇಳಿದ. ಆಚೆ ಎಂದೆ.

"ಹಾಗಾದರೆ ನಾನು ನೋಡಿಲ್ಲ," ಅಂದ. "ಅಷ್ಟು ದೂರ ಹೋಗುವ ಕೆಲಸ ಬಿದ್ದಿಲ್ಲ."

ಕೆಟ್ಟಾಗ ಸರಿಯಿದ್ದ ಗಡಿಯಾರ

ಟೌನ್ ಹಾಲಿನ ಗಡಿಯಾರ ಯಾವ ಕಾಲದಿಂದಲೋ ಸುಮಾರು ಹತ್ತು ನಿಮಿಷ ಹಿಂದೆ ಓಡುತ್ತಿತ್ತು. ಊರಿಗೆ ಅದು ಗೊತ್ತು, ಅದರ ಜೊತೆ ಹೊಂದಿಕೊಂಡು ಹೋಗುತ್ತಿತ್ತು. ಹೊಸದಾಗಿ ಬಂದ ಮ್ಯಾನೇಜರನಿಗೆ ಇದು ಅವಮಾನ ಅನಿಸಿತು. ಇಂಥ ಗಡಿಯಾರ ಇಟ್ಟುಕೊಂಡರೆ ಪಕ್ಕದ ಊರಿನವರು ನಮ್ಮನ್ನು ನುಂಗಿ ನೀರು ಕುಡಿಯುತ್ತಾರೆ ಎಂದು ರಿಪೇರಿಯವನನ್ನು ಕರೆಸಿ ಸರಿ ಮಾಡಿಸಿದ.

ಮರುದಿನದಿಂದ ನನ್ನ ಫೋನಿಗೆ ಪುರುಸೊತ್ತಿಲ್ಲ. ಬಸ್ಸುಗಳೆಲ್ಲ ಇದ್ದಕ್ಕಿದ್ದಂತೆ ತಡ ಮಾಡುತ್ತಿವೆ ಎಂದು ಒಬ್ಬರು, ಪಬ್ಬಿನವನು ಬೇಗ ಬಾಗಿಲು ಹಾಕುತ್ತಾನೆ ಎಂದು ಇನ್ನೊಬ್ಬರು. ಕೊನೆಗೆ ಒಬ್ಬ ಅಜ್ಜಿ ಕೈಚೀಲ ಹಿಡಿದು ಖುದ್ದಾಗಿ ಬಂದರು. ಅಮ್ಮಾ, ಈಗ ಅದು ಗ್ರೀನಿಚ್ ಸಮಯಕ್ಕೆ ಸರಿಯಾಗಿದೆ, ಇಡೀ ಪ್ರಪಂಚ ಅದನ್ನೇ ನೋಡುತ್ತದೆ ಎಂದು ನಾನು ಸಮಾಧಾನ ಹೇಳಿದೆ.

"ಗ್ರೀನಿಚ್‌ನವರು ಅವರ ಗಡಿಯಾರವನ್ನು ಅವರಿಗೆ ಬೇಕಾದ ಹಾಗೆ ಇಟ್ಟುಕೊಳ್ಳಲಿ," ಅಂದರು ಅಜ್ಜಿ. "ನಾವೇನಾದರೂ ಹೋಗಿ ಮುಟ್ಟಿದ್ದೇವೆಯೇ?"

ತಿಂಗಳು ತುಂಬುವುದರೊಳಗೆ ಗಡಿಯಾರ ಮತ್ತೆ ಹಿಂದೆ ಬಿತ್ತು. ಊರು ನೆಮ್ಮದಿಯಾಯಿತು.

ಒಗ್ಗರಣೆ

ಟೌನ್ ಹಾಲು ಖಾಲಿ ಬಿದ್ದರೆ ಬೀಗಕ್ಕೆ ನೆಪ ಸಿಗುತ್ತದೆ ಎಂದು ಯುಗಾದಿಗೆ ನಮ್ಮ ಕನ್ನಡದವರನ್ನೇ ಅಲ್ಲಿ ಸೇರಿಸಿದೆ. ಅಡುಗೆಗೆ ನಿಂತವರು ಪಾರ್ಕ್ ರಾಯಲ್‌ನ ಆಹಾರ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಕುಂದಾಪುರದ ಭಟ್ಟರು. ದೊಡ್ಡ ಹಂಡೆಯ ಸಾರಿಗೆ ಅವರು ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದ್ದೇ ತಡ, ಕಟ್ಟಡದ ಅಲಾರಂಗಳೆಲ್ಲ ಬೊಬ್ಬೆ ಹೊಡೆದವು. ಫೈರ್ ಎಂಜಿನ್ ಬಂತು. ಹೆಲ್ಮೆಟ್ ತೊಟ್ಟ ಧಡಿಯರು ಪೈಪು ಹಿಡಿದು ಒಳಗೆ ನುಗ್ಗಿದರೆ ಎದುರಿಗೆ ಭಟ್ಟರು, ಕೈಯಲ್ಲಿ ಸೌಟು.

ಹಬ್ಬದ ದಿನ ಬಾಗಿಲಿಗೆ ಬಂದವರನ್ನು ಹಾಗೇ ಕಳಿಸುವುದುಂಟೇ? ನಮ್ಮ ಹೆಂಗಸರು ಅವರನ್ನು ಸಾಲಾಗಿ ಕೂರಿಸಿ ಹೋಳಿಗೆ ಬಡಿಸಿದರು. ಸಾಕು ಎಂದಾಗಲೆಲ್ಲ ಇನ್ನೊಂದು ಬಿತ್ತು. ಹೋಗುವಾಗ ಅವರ ಮುಖ್ಯಸ್ಥ ಬೆಲ್ಟು ಸಡಿಲಿಸುತ್ತಾ ನನಗೆ ಅಲಾರಂ ಬಗ್ಗೆ ಎಚ್ಚರಿಕೆ ಹೇಳಿದ. ಆ ಮಾತಿಗೆ ಅಂಥ ಬಿಗಿ ಏನೂ ಇರಲಿಲ್ಲ.

ಮರುವರ್ಷ ನಾವು ಬುದ್ಧಿ ಕಲಿತು ಒಗ್ಗರಣೆಯನ್ನು ಹಿತ್ತಲ ಅಂಗಳದಲ್ಲಿ ಹಾಕಿದೆವು. ಅಲಾರಂ ಹೊಡೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫೈರ್ ಸ್ಟೇಷನ್ನಿನಿಂದಲೇ ಫೋನ್ ಬಂತು. ಇವತ್ತು ನಿಮ್ಮ ಹಬ್ಬ ಅಲ್ಲವೇ, ಇನ್ನೂ ಅಲಾರಂ ಹೊಡೆದಿಲ್ಲ, ಎಲ್ಲರೂ ಕ್ಷೇಮವೇ ಎಂದು.

ಕೆಂಪು ನಿಲುವಂಗಿ

ಎರಡು ಸಾವಿರದ ಇಸವಿ ದಾಟಿದ ಮೇಲೆ ಹೊಸದೊಂದು ಪದ್ಧತಿ ಬಂತು. ಪೌರತ್ವ ಸಿಕ್ಕವರು ಮೇಯರ್ ಮುಂದೆ ಪ್ರಮಾಣ ಮಾಡಬೇಕು. ನನ್ನ ಪೌರತ್ವ ಅದಕ್ಕೂ ಮೊದಲೇ ಪೋಸ್ಟಿನಲ್ಲಿ ಬಂದು ಬಿದ್ದಿತ್ತು. ಈ ಸಮಾರಂಭ ನಮ್ಮಲ್ಲಿ ನಡೆಯಬೇಕೋ ಪಕ್ಕದ ಊರಿನಲ್ಲೋ ಎಂದು ಜಗ್ಗಾಟವಾಗಿ, ಅಲ್ಲಿಯದರ ಜೊತೆಗೆ ನಮ್ಮ ಮೊದಲ ಸಮಾರಂಭವನ್ನೂ ನೋಡಲು ಮೇಲಿನ ಅಧಿಕಾರಿಯೊಬ್ಬ ಬರುವುದೆಂದಾಯಿತು. ಅವನಿಗೆ ಒಪ್ಪಿಗೆಯಾದರೆ ಟೌನ್ ಹಾಲು ಉಳಿಯಿತು, ಇಲ್ಲವಾದರೆ ಬೀಗ. ಒಂದು ವಾರ ನನಗೆ ಅನ್ನ ಸೇರಲಿಲ್ಲ.

ಅವತ್ತು ಪ್ರಮಾಣ ಮಾಡುವವರಲ್ಲಿ ನನ್ನ ಗಂಡನೂ ಇದ್ದರು. ಮಗನ ಸಂಭ್ರಮ ನೋಡಲೆಂದು ವಿಜಯಪುರದಿಂದ ಬಂದಿದ್ದ ನಮ್ಮ ಅತ್ತೆಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ ನಾನು ಬಾಗಿಲ ಬಳಿ ನಿಂತೆ.

ಎಲ್ಲರೂ ಎದ್ದು ನಿಂತರು. ಮೊದಲು ಬೆಳ್ಳಿಯ ದಂಡ ಹೊತ್ತ ಒಬ್ಬ. ಅವನ ಹಿಂದೆ ಮೇಯರ್, ನೆಲ ಮುಟ್ಟುವ ಕೆಂಪು ನಿಲುವಂಗಿ, ಎದೆತುಂಬ ಬಂಗಾರದ ಸರ. ಅತ್ತೆಗೆ ಇನ್ನೇನು ಬೇಕು? ತಲೆಯ ಮೇಲೆ ಸೆರಗು ಎಳೆದುಕೊಂಡು ನೇರ ಹೋಗಿ ಮೊಣಕಾಲೂರಿ, ಹಣೆ ನೆಲಕ್ಕೆ ಹಚ್ಚಿ, ಆ ನಿಲುವಂಗಿಯ ಕೆಳಗೆ ಪಾದ ಎಲ್ಲಿದೆಯೆಂದು ಎರಡೂ ಕೈಯಿಂದ ಹುಡುಕತೊಡಗಿದರು.

ಈ ಅಜ್ಜಿಯ ಕನ್ನಡಕ ಬಿದ್ದಿದೆ ಎಂದುಕೊಂಡರು ಮೇಯರ್. ಒಳ್ಳೆಯ ಮನುಷ್ಯ, ತಾವೂ ಮೊಣಕಾಲೂರಿ ಹುಡುಕಲು ಶುರು ಮಾಡಿದರು. ದಂಡದವನು ದಂಡ ಪಕ್ಕಕ್ಕಿಟ್ಟು ಬಗ್ಗಿದ. ಸ್ವಾಮಿಗಳೇ ಬಾಗಿದ್ದು ಕಂಡು ಗಾಬರಿಯಾದ ಅತ್ತೆ ಇನ್ನಷ್ಟು ಬಾಗಿದರು. ಹೋಯಿತು ಟೌನ್ ಹಾಲು ಎಂದುಕೊಂಡೆ.

ಅತ್ತೆಯನ್ನು ಎಬ್ಬಿಸಿ ಕೂರಿಸಿದ್ದಾಯಿತು, ಪ್ರಮಾಣವೂ ಆಯಿತು. ಆಮೇಲೆ ಒಬ್ಬೊಬ್ಬರನ್ನೇ ಕರೆದರು. ಮೊದಲು ಹೋದ ಘಾನಾ ದೇಶದ ದೊಡ್ಡ ಮೈಯ ಗೃಹಸ್ಥ, ಇದೇ ಇಲ್ಲಿನ ಕ್ರಮ ಎಂದು ತಿಳಿದು ಮೇಯರ್ ಮುಂದೆ ಮೊಣಕಾಲೂರಿದ. ಅವನನ್ನು ನೋಡಿ ಅವನ ಹಿಂದಿನವರು. ಆಸ್ಟ್ರೇಲಿಯಾದವನೊಬ್ಬ ನನ್ನ ಬಳಿ ಬಂದು ಯಾವ ಮೊಣಕಾಲು ಎಂದು ಪಿಸುಗುಟ್ಟಿದ. ಎಲ್ಲ ಗೊತ್ತಿದ್ದ ನನ್ನ ಗಂಡನೂ ಊರಿದರು. ಆಮೇಲೆ ತರಾಟೆಗೆ ತೆಗೆದುಕೊಂಡರೆ, "ಅವ್ವ ಮುಂದ ಕುಂತು ನೋಡಾಕತ್ತಾಳ, ನಾ ಹ್ಯಾಂಗ ಸೆಟದು ನಿಂದರ್ಲಿ?" ಅಂದರು. ಮೇಯರ್ ಬೇರೆ ದಾರಿ ಕಾಣದೆ ಬಂದವರ ತಲೆಯ ಮೇಲೆಲ್ಲ ಕೈಯಿಟ್ಟರು.

ಚಹಾದ ಹೊತ್ತಿಗೆ ಅಧಿಕಾರಿ ನನ್ನ ಕಡೆಗೇ ಬಂದ.

"ಪಕ್ಕದ ಊರಿನಲ್ಲಿ ಕೈ ಕುಲುಕಿ ಮನೆಗೆ ಹೋದರು," ಅಂದ. "ಟೌನ್ ಹಾಲಿಗೆ ಇಷ್ಟು ಗೌರವ ನಾನೆಲ್ಲೂ ನೋಡಿಲ್ಲ. ಈ ಪದ್ಧತಿ ಬಹಳ ಹಳೆಯದೇ?"

"ಬಹಳ ಹಳೆಯದು ಸರ್," ಅಂದೆ. ಅದರಲ್ಲಿ ಸುಳ್ಳೇನಿತ್ತು?

ಕಚೇರಿಗಳೂ ಸಮಾರಂಭಗಳೂ ನಮ್ಮಲ್ಲೇ ಉಳಿಯುತ್ತವೆ ಎಂದು ಅವನು ಅಲ್ಲೇ ಹೇಳಿ ಹೋದ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಬಸ್ಸಿನಲ್ಲಿ ಮಾತ್ರ ಅತ್ತೆಯ ಮುಖ ಯಾಕೋ ಸಪ್ಪಗಿತ್ತು. ಏನಾಯಿತೆಂದು ಕೇಳಿದೆ.

"ಸ್ವಾಮಿಗಳೇನೋ ಭಾಳ ಚೊಲೋ ಅದಾರವಾ," ಅಂದರು. "ಆದ್ರ ದಾಸೋಹ ಇಲ್ಲ, ಏನಿಲ್ಲ. ಬರೇ ಚಹಾ ಬಿಸ್ಕೀಟಿನ ಮ್ಯಾಲ ಯಾವ ಮಠ ಉಳದೈತಿ?"