ಬೀಗತಿ ಮುಂದ ಬಾದಾಮಿ

ನಮ್ಮ ಮನ್ಯಾಗ ಒಲಿ ಹಚ್ಚಿದ್ರ ಅಡಗಿ ಆಗತೈತೋ ಇಲ್ಲೋ, ಫಜೀತಿ ಅಂತೂ ಆಗೇ ಆಗತೈತಿ. ಈ ಸಲ ಬಾದಾಮಿ ಪಾಳಿ ಬಂತು.

ಮಗಳನ್ನ ಹುಕ್ಕೇರಿಗೆ ಕೊಟ್ಟೇವಿ. ಅಕಿ ಅತ್ತಿ, ಅಂದ್ರ ನನ್ನ ಬೀಗತಿ, ನಾವು ಹೋದಾಗೊಮ್ಮೆ ಹುರದ ಉಪ್ಪಿನ ಬಾದಾಮಿ ಗಾಜಿನ ಬಟ್ಟಲದಾಗ ಇಟ್ಟು, "ನಾವು ಅಂಗಡೀದು ಮುಟ್ಟಂಗಿಲ್ರಿ. ಮನ್ಯಾಗ ಮಾಡಾಕ ಎಲ್ಲಾರಿಗೂ ಎಲ್ಲಿ ಬರತೈತಿ!" ಅಂತಾರ. 'ಎಲ್ಲಾರಿಗೂ' ಅನ್ನುವಾಗ ನನ್ನ ಮಾರೀನ ನೋಡ್ತಾರ. ಅವರು ರವಿವಾರ ಮೂಡಲಗಿಗೆ, ನಮ್ಮ ಮನಿಗೆ ಊಟಕ್ಕ ಬರೋರಿದ್ರು. ಅಷ್ಟರಾಗ ನಾನೂ ಬಾದಾಮಿ ಹುರದು ಅವರ ಮುಂದ ಇಡಬೇಕಂತ ಹಟಾ ಹಿಡದೆ.

೧. ಉಪ್ಪು ಹತ್ತವಲ್ಲದು

ಗೋಕಾಕ ಪ್ಯಾಟ್ಯಾಗ ಬಾದಾಮಿ ಕೇಳಿದ್ರ ಅಂಗಡ್ಯಾವ, "ಬೆಲ್ಲದ ಕರದಂಟಿಗೇನ್ರಿ ಅಕ್ಕಾರ?" ಅಂದ. "ಅಲ್ಲಪಾ, ಉಪ್ಪು ಹಚ್ಚಾಕ" ಅಂದೆ. ಪಾಪ, ಇವರ ಮನ್ಯಾಗ ಬೆಲ್ಲ ತೀರಿರಬೇಕು ಅನ್ನೋರಂಗ ನೋಡಿದ.

ಒಣಾ ಬಾದಾಮಿ ಹುರದು ಮ್ಯಾಲ ಉಪ್ಪು ಉದುರಿಸಿದೆ. ಅದು ಹತ್ತವಲ್ಲದು! ಅಷ್ಟೂ ಡಬ್ಬಿ ತಳಕ್ಕ ಹೋಗಿ ಕುಂತಿತು. ನಮ್ಮ ಯಜಮಾನ್ರು ಮ್ಯಾಲಿನ್ವು ತಿಂದು "ಸಪ್ಪಗ ಅದಾವು" ಅಂದ್ರು. ಟಿವಿ ನೋಡಕೋತ ತಳದಾಗಿಂದು ಒಂದು ಮುಟಗಿ ಬಾಯಾಗ ಹಾಕ್ಕೊಂಡ್ರು. ಕಣ್ಣಾಗ ನೀರು ಬಂದುವು.

"ಈಗ ಹೆಂಗದಾವ್ರಿ?" ಅಂದೆ. ಅವರು ನೀರಿನ ಕೊಡಾ ತೋರಿಸಿದ್ರು.

೨. ಕಾಗಿ ಕಾವಲು

ಮಗಳು ಫೋನಿನ್ಯಾಗ, "ಯವ್ವಾ, ಉಪ್ಪನೀರಾಗ ಅದ್ದಿ, ಆರಿಸಿ, ಆಮ್ಯಾಲ ಸಣ್ಣ ಉರಿಮ್ಯಾಲ ಹುರಿ" ಅಂದ್ಲು. ಮಿಕ್ಕ ಹಸಿ ಬಾದಾಮಿ ಅದ್ದಿ, ಸಂಡಿಗಿ ಒಣಗಸೋಹಂಗ ಮಾಳಗಿ ಮ್ಯಾಲ ಅರಬಿ ಹಾಸಿ ಹರವಿದೆ. ಕಾಗಿ ಕಾಯಾಕ ಯಜಮಾನ್ರ ಕೈಯಾಗ ಕೋಲು ಕೊಟ್ಟು ಕುಂಡ್ರಿಸಿದೆ. ಸಂಜೀಕ ನೋಡಿದ್ರ ಬಾದಾಮಿ ಅರ್ಧಾ ಆಗಿದ್ದುವು.

"ಕಾಗಿ ಬಂದಿದ್ದುವೇನ್ರಿ?"

"ಒಂದೂ ಬರಾಕ ಬಿಡಲಿಲ್ಲ" ಅಂದ್ರು, ಹಲ್ಲಿನ ಸಂದಿ ಕೆದರಕೋತ. "ಉಪ್ಪು ಈ ಸಲ ಬರೋಬ್ಬರಿ ಐತಿ ನೋಡು."

೩. ನಮ್ಮ ಹೊಲದ ಶೇಂಗಾ

ರವಿವಾರ ಮುಂಜಾನಿ ಉಳದ ಬಾದಾಮಿ ಹುರದೆ. ಏನ್ ಹೇಳ್ಲಿ, ಕಟುಂ ಕಟುಂ ಅಂತಿದ್ದುವು! ಖುಷಿಗೆ ಕುಣಿಯೂದೊಂದ ಬಾಕಿ. ಆರಲಿ ಅಂತ ಪರಾತದಾಗ ಹರವಿ ಜಳಕಾ ಮಾಡಾಕ ಹೋದೆ.

ಬಂದು ನೋಡಿದ್ರ ಅಡಗಿಮನ್ಯಾಗ ಧಡ್ ಧಡ್ ಸಪ್ಪಳಾ. ನಮ್ಮ ಅತ್ತಿಯವರಿಗೆ, ಅಂದ್ರ ಯಜಮಾನ್ರ ಅವ್ವಗ, ಕಣ್ಣು ಮಂಜು. ಪರಾತದಾಗ ಹುರದದ್ದು, ಬಾಜೂಕ ಉಪ್ಪು ಕಂಡು, ಶೇಂಗಾ ಚಟ್ನಿಗೆ ಇಟ್ಟಾಳಂತ ತಿಳದು, ಬಳ್ಳೊಳ್ಳಿ, ಖಾರಪುಡಿ ಹಾಕಿ ಅಷ್ಟೂ ಕುಟ್ಟಿಬಿಟ್ಟಿದ್ರು.

"ಒಬ್ಬಾಕೀನ ಎಷ್ಟಂತ ದುಡೀತಿ, ಅದಕ್ಕ ನಾನ ಮುಗಿಸಿದೆ ನೋಡವಾ" ಅಂದ್ರು. "ಈ ಸಲ ಶೇಂಗಾ ಭಾರೀ ದಪ್ಪ ಆಗ್ಯಾವು!"

ಅಳಬೇಕೋ ನಗಬೇಕೋ ತಿಳೀಲಿಲ್ಲ. ಅಷ್ಟರಾಗ ಬಾಗಲಾಗ ಬೀಗರ ಗಾಡಿ ಬಂದು ನಿಂತಿತು.

ಬೀಗತಿ ರೊಟ್ಟಿಗೆ ಚಟ್ನಿ ಹಚ್ಚಿ ತಿಂದ್ರು. ಮತ್ತ ನೀಡಿಸಿಕೊಂಡ್ರು. "ಅಯ್ಯ, ಏನ್ ರುಚಿ ಐತ್ರಿ! ಇದರಾಗ ಏನ್ ಹಾಕೀರಿ?"

ಅತ್ತಿಯವರು ಎದಿ ಉಬ್ಬಿಸಿ, "ಏನಿಲ್ಲವಾ, ನಮ್ಮ ಕೌಜಲಗಿ ಹೊಲದ ಶೇಂಗಾ" ಅಂದ್ರು. ನಾನು ಇನ್ನೊಂದು ರೊಟ್ಟಿ ನೀಡಿದೆ. ಬೀಗತಿ ನಮ್ಮನ್ನ ಹೊಗಳಿದ್ದು ಅದ ಮೊದಲು, ನಾನ್ಯಾಕ ಕೆಡಸ್ಲಿ?

ನಿನ್ನೆ ಅವರ ಫೋನ್ ಬಂದಿತ್ತು. "ಅಂಗಡಿ ಶೇಂಗಾ ತಂದು ಮಾಡಿದ್ನಿರಿ, ನಿಮ್ಮಂಗ ಬರವಲ್ಲದು. ನಿಮ್ಮ ಹೊಲದ್ದು ಒಂದು ಚೀಲಾ ಕಳಸ್ರಿ."

"ಹೂಂ" ಅಂದುಬಿಟ್ಟೇನಿ. ನಮ್ಮ ಯಜಮಾನ್ರು ಮುಂಜಾನಿ ಬಸ್ಸಿಗೆ ಅರಭಾವಿ ತೋಟಗಾರಿಕಿ ಕಾಲೇಜಿಗೆ ಹೋಗ್ಯಾರ, ಕೌಜಲಗಿ ಮಣ್ಣಾಗ ಬಾದಾಮಿ ಬೆಳೀತಾವೇನು ಅಂತ ಕೇಳಾಕ.