ಬೆಣ್ಣೆ ಬಂಡೆ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ತುಂಡು ಬ್ರೆಡ್ಡು.

ಮ್ಯೂಸಿಯಮ್ಮಿನಲ್ಲಿ ಹರಿದ ಕಾಗದಗಳಿಗೆ ತೇಪೆ ಹಾಕುವ ಅಂಟಣ್ಣ ಹನ್ನೊಂದು ವರ್ಷಗಳಿಂದ ತಾತ್ಕಾಲಿಕ ನೌಕರ. ಅಷ್ಟರಲ್ಲಿ ಎರಡು ಬೆಟ್ಟ ಸವೆದು ಬಯಲಾದವು. ಅವನ ಕೆಲಸ ಮಾತ್ರ ಕಾಯಂ ಆಗಲಿಲ್ಲ. ಆ ದಿನ ಬೆಳಿಗ್ಗೆ ಸಾಹೇಬರು ನಾನೂರು ವರ್ಷದ ಹಳೆಯ ನಕ್ಷೆಯೊಂದನ್ನು ಅವನ ಮೇಜಿನ ಮೇಲೆ ಹಾಸಿದರು. ಹಡಗುಗಳನ್ನು ಕಬ್ಬಿನಂತೆ ಜಗಿದು ಉಗುಳುತ್ತಿದ್ದ ಒಂದು ಇಕ್ಕಟ್ಟಾದ ಕಡಲದಾರಿಯ ನಕ್ಷೆ ಅದು.

"ಮೂರು ಗಂಟೆಗೆ ನಕ್ಷೆ ಪಂಡಿತರು ಬರ್ತಾರೆ. ಧೂಳು ತೆಗೆದಿಡು. ಅವರು ಮೆಚ್ಚಿದ್ರೆ ಕೆಲಸ ಕಾಯಂ. ಕೆಡಿಸಿದ್ರೆ ಮನೆಗೆ!"

ಹಳೆಯ ಕಾಗದದ ಕೊಳೆ ತೆಗೆಯುವುದು ಬ್ರೆಡ್ಡಿನ ತಿರುಳಿನಿಂದ. ಮೆಲ್ಲಗೆ ಉಜ್ಜಿದರೆ ಧೂಳೆಲ್ಲ ಅದಕ್ಕೇ ಅಂಟಿಕೊಂಡು ಬರುತ್ತದೆ. ಕಪಾಟಿನಲ್ಲಿದ್ದ ಬ್ರೆಡ್ಡನ್ನು ಇಲಿ ತಿಂದು ಮುಗಿಸಿತ್ತು. ವಾಚ್‌ಮನ್ ಮಹಾ ದಾನಿಯ ಗತ್ತಿನಲ್ಲಿ ತನ್ನ ಬುತ್ತಿಯಿಂದ ಒಂದು ತುಂಡು ಮುರಿದುಕೊಟ್ಟ. ನಾಲ್ಕು ಸಲ ಉಜ್ಜಿದ ಮೇಲೆ ನೋಡಿದರೆ, ಕಡಲದಾರಿಯ ನಟ್ಟನಡುವೆ ಜಿಡ್ಡು ಮಿರಮಿರ ಮಿಂಚುತ್ತಿದೆ!

"ಲೋ, ಬೆಣ್ಣೆ ಹಚ್ಚಿದ್ದು ಕೊಟ್ಟೆಯಲ್ಲೋ!"

"ಬರೀ ಬ್ರೆಡ್ಡು ಯಾರಣ್ಣ ತಿಂತಾರೆ? ಹೊಟ್ಟೆ ಹಸಿದಿದೆ ಅಂದ್ಕೊಂಡೆ."

ಗಲಾಟೆ ಕೇಳಿ ಟೈಪಿಸ್ಟ್ ಅಕ್ಕ ಓಡಿಬಂದಳು. "ಜಿಡ್ಡಿಗೆ ಪೌಡರೇ ಮದ್ದು ಕಣೋ. ಇಷ್ಟು ವರ್ಷ ನನ್ನ ಮುಖ ನೋಡಿ ಕಲಿತದ್ದು ಇಷ್ಟೇನಾ?" ಅರ್ಧ ಡಬ್ಬಿ ಸುರಿದಳು. ಕಲೆ ಬೂದಿಬಣ್ಣಕ್ಕೆ ತಿರುಗಿತು. ವಾಚ್‌ಮನ್ ಪ್ರಾಯಶ್ಚಿತ್ತಕ್ಕೆಂದು ಇಸ್ತ್ರಿಪೆಟ್ಟಿಗೆ ಕಾಯಿಸಿ ತಂದು ಒತ್ತಿದ. ಈಗದು ಕಡಲಿನಲ್ಲಿ ಎಮ್ಮೆ ಮಲಗಿದ ಹಾಗೆ ಕಾಣತೊಡಗಿತು.

"ನನ್ನ ಕೈಗುಣ ನೋಡಿ," ಅಂಟಣ್ಣ ಹಣೆ ಚಚ್ಚಿಕೊಂಡ. "ಬಿರುಗಾಳಿ, ಯುದ್ಧ, ಗೆದ್ದಲು ಎಲ್ಲ ಸೇರಿ ನಾನೂರು ವರ್ಷದಲ್ಲಿ ಮಾಡೋಕಾಗದ್ದನ್ನ ಒಂದೇ ಬೆಳಿಗ್ಗೆ ಮುಗಿಸಿಬಿಟ್ಟೆ!"

ಮ್ಯೂಸಿಯಮ್ಮಿನ ಬೋರ್ಡು ಬರೆಯುವ ಪೇಂಟರು ಬಗ್ಗಿ ನೋಡಿದ. "ಅಳಬೇಡಪ್ಪ. ಇಲ್ಲಿ ಆಗಲೇ ಐವತ್ತು ಬಂಡೆ ಇವೆ. ಐವತ್ತೊಂದಾದ್ರೆ ಯಾವನು ಎಣಿಸ್ತಾನೆ?" ಕಲೆಯ ಸುತ್ತ ಕಡ್ಡಿಯಂಥ ಕುಂಚದಿಂದ ನಾಲ್ಕು ಗೀರು ಎಳೆದ. ಎಮ್ಮೆ ಬಂಡೆಯಾಯಿತು.

ಮೂರು ಗಂಟೆಗೆ ಪಂಡಿತರು ಬಂದು ಭೂತಗನ್ನಡಿ ಹಿಡಿದರು. ಅದು ಕಡಲದಾರಿಯ ನಟ್ಟನಡುವೆ ಬಂದು ನಿಂತೇಬಿಟ್ಟಿತು. ಅಂಟಣ್ಣನ ಎದೆಬಡಿತಕ್ಕೆ ಪಕ್ಕದ ಕೋಣೆಯ ಕಿಟಕಿಗಳು ಗಡಗಡಿಸಿದವು.

"ಈ ಬಂಡೆ ಬೇರೆ ಯಾವ ನಕ್ಷೆಯಲ್ಲೂ ಇಲ್ಲ!"

"ಸ್ವಾಮಿ, ತಪ್ಪಾಯ್ತು, ಅದು ಬಂಡೆನೇ ಅಲ್ಲ..."

"ವಿನಯ ಸಾಕು! ಅಷ್ಟೊಂದು ಹಡಗು ಅಲ್ಲೇ ಯಾಕೆ ಮುಳುಗಿದವು ಅಂತ ಮೂವತ್ತು ವರ್ಷ ತಲೆ ಕೆಡಿಸ್ಕೊಂಡಿದ್ದೆ. ನೀರಿನ ಕೆಳಗೆ ಅಡಗಿ ಕೂತಿದೆ ಕಳ್ಳಬಂಡೆ! ಇದನ್ನ ಬೆಳಕಿಗೆ ತಂದವರು ಯಾರು?"

ವಾಚ್‌ಮನ್, ಟೈಪಿಸ್ಟ್ ಅಕ್ಕ, ಪೇಂಟರು ಮೂವರೂ ಒಟ್ಟಿಗೆ ಅಂಟಣ್ಣನತ್ತ ಬೆರಳು ತೋರಿಸಿದರು.

ಪಂಡಿತರು ಸಾಹೇಬರ ಕಿವಿಯಲ್ಲಿ ಏನೋ ಉಸುರಿದರು. ಸಾಹೇಬರು ನಿಂತ ನಿಲುವಿನಲ್ಲೇ ಆದೇಶ ಬರೆಸಿದರು. ಟೈಪಿಸ್ಟ್ ಅಕ್ಕ ಕಣ್ಣೀರು ಒರೆಸಿಕೊಳ್ಳುತ್ತ ಓದಿದಳು: "ಅಂಟಣ್ಣನವರ ಕೆಲಸವನ್ನು ಇಂದಿನಿಂದ ಕಾಯಂ ಮಾಡಲಾಗಿದೆ."

ಚಪ್ಪಾಳೆಗೆ ಸೂರು ಹಾರಿಹೋಗುವುದೊಂದು ಬಾಕಿ.

"ತಡೀರಿ, ಇನ್ನೂ ಇದೆ," ಎಂದು ಅಕ್ಕ ಹಾಳೆ ತಿರುಗಿಸಿದಳು. "ಸದರಿಯವರು ಸೋಮವಾರ ಪಂಡಿತರೊಂದಿಗೆ ಹಡಗು ಹತ್ತತಕ್ಕದ್ದು. ಸದರಿ ಬಂಡೆ ಸಿಗುವವರೆಗೆ ವಾಪಸು ಬರತಕ್ಕದ್ದಲ್ಲ."